ದಾದರ್ ದಂಡೆಯಲ್ಲಿ ಕಾಶಪ್ಪನ ಬೂದಿ

ನಾಗವ್ವ ಮೈದುನನ ಕೈಯಿಂದ ಚೀಲವನ್ನು ಕಸಿದುಕೊಂಡಳು. ಪ್ಲಾಸ್ಟಿಕ್ ಚೀಲದೊಳಗೆ ಗಂಡನ ಬೂದಿಯ ಮಡಕೆ, ಬಾಡಿದ ಹೂವು, ಊದಿನಕಡ್ಡಿಯ ಪೊಟ್ಟಣ. ಬಾಯಿಗೆ ಬಿಗಿಯಾಗಿ ಗಂಟು ಹಾಕಿದ್ದರು. ಬೆಳಿಗ್ಗೆ ಕರೆಂಟಿನ ಚಿತೆಯಲ್ಲಿ ಸುಟ್ಟ ಕಾಶಪ್ಪ ಮಧ್ಯಾಹ್ನಕ್ಕೆ ಇಷ್ಟಾಗಿದ್ದ.

"ವೈನಿ, ಹಂಗ ಒಗದ್ರ ಆತು. ಎಲ್ಲಾರೂ ಹಂಗ ಮಾಡ್ತಾರ," ಎಂದ ಮೈದುನ ಧರ್ಮಣ್ಣ. ಹೆಂಗಸರು ಬರಬಾರದ ಜಾಗಕ್ಕೆ ಅತ್ತಿಗೆ ಬಂದದ್ದೇ ಅವನಿಗೆ ಸರಿಬಿದ್ದಿರಲಿಲ್ಲ.

"ನಿಮ್ಮಣ್ಣ ಹದಿನೆಂಟ ವರ್ಷ ಇದ ದಂಡಿ ಮ್ಯಾಲ ಇಂಥಾ ಚೀಲ ಆರಿಸ್ಯಾರ. ಅದರಾಗ ಅವರನ್ನ ಕಟ್ಟಿ ಒಗಿಯಾಕ ಮನಸ್ಸರ ಹೆಂಗ ಬಂತ ನಿನಗ?"

"ಆಯೀ, ಲೋಗ್ ದೇಖ್ ರಹೇ ಹೈಂ," ಎಂದು ಮಗಳು ರೂಪಾಲಿ, ಜನ ನೋಡುತ್ತಿದ್ದುದಕ್ಕೆ ನಾಚಿ, ಸೆರಗು ಜಗ್ಗಿದಳು.

"ನೋಡ್ಲಿ."

ಅಷ್ಟರಲ್ಲಿ ಕಾಶಪ್ಪನಂಥ ದಂಡೆ ಗುಡಿಸುವವರ ಮೇಸ್ತ್ರಿ, ಮುಕಾದಮ ಸಂಗಪ್ಪ ಹಾರ ಹಿಡಿದು ಬಂದ. ಹಾರಕ್ಕೂ ಪ್ಲಾಸ್ಟಿಕ್ ಹೊದಿಕೆ.

"ಭಾಳ ಇಮಾನದಾರ ಮನಷ್ಯಾ," ಎಂದ.

ಕಾಲಿಗೆ ಗಾಜು ಚುಚ್ಚಿದಾಗ ಕಾಶಪ್ಪ ಬೂಟು ಕೇಳಿದ್ದಕ್ಕೆ 'ಮುಂದಿನ ತಿಂಗಳಾ ನೋಡೂಣು' ಎಂದವನೂ ಇದೇ ಮಹಾನುಭಾವ. ಆ ಕಾಲಿನ ನಂಜೇ ಮೈಗೇರಿ ಅವನನ್ನು ಕೊಂದಿತ್ತು.

*

ಹೋದ ಚಳಿಗಾಲ ಕಾಶಪ್ಪ ಸತ್ತ ಕಡಲಹಕ್ಕಿಯೊಂದನ್ನು ಟವೆಲ್ಲಿನಲ್ಲಿ ಸುತ್ತಿ ಚಾಳಿನ ಮನೆಗೆ ತಂದಿದ್ದ.

"ಮೈಯಾಗ ಮಾಂಸಿಲ್ಲ, ಹೊಟ್ಟಿ ಅಷ್ಟ ಗಟ್ಟಿ ಐತಿ. ಏನ ತಿಂದೈತಿ ನೋಡೂಣು."

ಮೋರಿಯ ಪಕ್ಕ ಕೂತು ಬ್ಲೇಡಿನಿಂದ ಸೀಳಿದ. ಬಾಟಲಿಯ ಮುಚ್ಚಳ, ಗುಟ್ಕಾ ಪೊಟ್ಟಣದ ಚೂರು, ಬಲೆಯ ಎಳೆ. ಕಡೆಗೆ ಜರಿ ಸುತ್ತಿದ ಕೆಂಪು ಪ್ಲಾಸ್ಟಿಕ್ ದಾರ. ನಾಗವ್ವ ದಾದರಿನ ಹೂವಿನ ಮಾರ್ಕೆಟ್ಟಿನಲ್ಲಿ ಹಾರ ಕಟ್ಟುವವಳು. ಅಂಥದೇ ದಾರದ ಉಂಡೆ ಅವಳ ಬುಟ್ಟಿಯಲ್ಲೂ ಇತ್ತು.

"ನಾ ಒಬ್ಬಾಕೀನ ಕಟ್ಟತೀನೇನ? ಹಕ್ಕಿ ಸಲುವಾಗಿ ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

"ನಾ ಏನರ ಅಂದ್ನಿ?"

ಅವನು ಏನೂ ಅಂದಿರಲಿಲ್ಲ. ಅದಕ್ಕೇ ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಮರುದಿನ ನೂಲಿನ ದಾರ ತಂದಳು. ಹಾರ ಮಿಂಚುವುದಿಲ್ಲ ಎಂದು ಗಿರಾಕಿಗಳು ಮುಖ ತಿರುಗಿಸಿದರು. ಎಂಟು ದಿನಕ್ಕೆ ಮತ್ತೆ ಪ್ಲಾಸ್ಟಿಕ್ಕಿಗೇ ಬಂದಳು. ಕಾಶಪ್ಪ ಆಗಲೂ ಏನೂ ಅನ್ನಲಿಲ್ಲ.

*

ನಾಗವ್ವ ಹಲ್ಲಿನಿಂದ ಗಂಟು ಹರಿದು ಮಡಕೆಯನ್ನು ಹೊರತೆಗೆದಳು. ಚೀಲವನ್ನು ಮುದ್ದೆಮಾಡಿ ಸಂಗಪ್ಪನ ಅಂಗಿಯ ಕಿಸೆಗೆ ತುರುಕಿದಳು.

"ಇಟ್ಕೋರಿ ಸಾಹೇಬ್ರ. ಇನ್ನ ಆರಸಾಕ ಅವರಿಲ್ಲ."

ಸಂಗಪ್ಪ ಹಾರ ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದ.

ಸಮುದ್ರ ಉಕ್ಕುವ ಭರತದ ಹೊತ್ತು. ಅವಳು ಸೀರೆ ಎತ್ತಿಕಟ್ಟಿ ಮೊಣಕಾಲು ಮುಳುಗುವಷ್ಟು ದೂರ ಹೋಗಿ ಅರ್ಧ ಬೂದಿ ಸುರಿದಳು. ಬೂದಿ ನೀರು ಮುಟ್ಟಲಿಲ್ಲ. ಹಾಲಿನ ಪ್ಯಾಕೆಟ್ಟು, ಥರ್ಮಾಕೋಲು, ಹಾರದ ಹೊದಿಕೆಗಳು ಒತ್ತೊತ್ತಾಗಿ ತೇಲುತ್ತಿದ್ದವು. ಕಾಶಪ್ಪ ಅವುಗಳ ಮೇಲೆ ಒದ್ದೆಯಾಗದೆ ಕೂತುಬಿಟ್ಟ.

"ವೈನಿ, ಆತು, ಮ್ಯಾಲ ಬರ್ರಿ," ಎಂದು ಧರ್ಮಣ್ಣ ದಂಡೆಯಿಂದ ಕೂಗಿದ.

"ಏನಾತು? ಮುಳುಗೇ ಇಲ್ಲ ಇನ್ನಾ."

ಮಡಕೆಯನ್ನು ಕಂಕುಳಿಗೆ ಒತ್ತಿ ಒಂದೇ ಕೈಯಲ್ಲಿ ಕಸ ಸರಿಸಿದಳು. ಸರಿಸಿದಷ್ಟೂ ಕೂಡಿಕೊಂಡಿತು. "ಸರೀ ಅತ್ಲಾಗ," ಎಂದು ಅದನ್ನೇ ಬಯ್ದಳು. ಅಳು ಬಂತು, ಸಿಟ್ಟು ಅದಕ್ಕಿಂತ ಹೆಚ್ಚಾಗಿ ಬಂತು.

ಚಪ್ಪಲಿ ಕಳಚಿ ರೂಪಾಲಿ ನೀರಿಗಿಳಿದಳು. ಬಗ್ಗಿ, ಎರಡೂ ತೋಳು ಚಾಚಿ ಕಸವನ್ನು ಅತ್ತಿತ್ತ ತಳ್ಳಿ ಹಿಡಿದಳು. ನಡುವೆ ತಟ್ಟೆಯಗಲ ನೀರು ಕಾಣಿಸಿತು.

"ಆಯೀ, ಈಗ ಹಾಕು. ಜಲ್ದಿ."

ನಾಗವ್ವ ಮಡಕೆ ಬಗ್ಗಿಸುವಷ್ಟರಲ್ಲಿ ತೆರೆಯೊಂದು ಮತ್ತೆ ಕಸ ತಂದು ಆ ತಟ್ಟೆಯಗಲ ನೀರನ್ನೂ ಮುಚ್ಚಿತು.