ಎಡಬಾಗಿಲು

“ಮೂತಿ ರೀ, ಮೂತಿ! ಮನುಷ್ಯರಿಗೆ ಮುಖ ಹೇಗೋ ಕಾರಿಗೆ ಮೂತಿ ಹಾಗೆ. ಅದೇ ನೆಟ್ಟಗಿಲ್ಲ ಅಂದ್ಮೇಲೆ ಮಿಕ್ಕಿದ್ದು ಇದ್ದೂ ಏನು ಬಂತು?” ಎನ್ನುತ್ತ ಡ್ರಾಯಿಂಗ್ ಮೇಷ್ಟ್ರು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನೇ ಕುಂಚದ ಹಾಗೆ ಹಿಡಿದು ಗಾಳಿಯಲ್ಲಿ ಒಂದು ಗೆರೆ ಎಳೆದರು.

“ಮೂತಿ ಇಟ್ಕೊಂಡು ಮುತ್ತು ಕೊಡ್ತೀರಾ?” ಎಂದ ಹಾರ್ನ್. ಅವನು ಬಸ್ಸಿನ ಡ್ರೈವರು. ಮೂವತ್ತು ವರ್ಷ ಇಂಜಿನ್ನಿನ ಪಕ್ಕದಲ್ಲೇ ಕೂತು ಮೆಲ್ಲಗೆ ಮಾತಾಡುವುದೇ ಮರೆತುಹೋಗಿ ಆ ಹೆಸರು ಬಂದಿತ್ತು. “ಚೆಂದ ಇರೋದು ಸದ್ದಲ್ಲಿ, ಮೇಷ್ಟ್ರೇ. ಕಣ್ಣು ಮುಚ್ಕೊಂಡು ಕೇಳ್ಬೇಕು.”

“ಹಾಗಾದ್ರೆ ಹಿಟ್ಟಿನ ಗಿರಣಿ ಮುಂದೆ ಹೋಗಿ ಚಾಪೆ ಹಾಕ್ಕೊಂಡು ಕೂತ್ಕೊ.”

“ಇಬ್ಬರೂ ಸುಮ್ನಿರಿ. ನಿಲುವು ಮುಖ್ಯ,” ಎಂದು ಕಾರಿನ ಹಿಂದಿನಿಂದ ಅಳಿಯ ತಲೆಯೆತ್ತಿದ. ಅವನ ಮೂಗಿನ ತುದಿಗೆ ಪಾಲಿಶ್ ಮೆತ್ತಿಕೊಂಡಿತ್ತು. “ನಾಲ್ಕು ಚಕ್ರದ ಮೇಲೆ ಅದು ಹೇಗೆ ನಿಂತಿದೆ ಅನ್ನೋದು ನೋಡಿ. ಈಗಲೇ ಹೊರಟುಬಿಡುತ್ತೇನೋ ಅನ್ನಿಸ್ಬೇಕು.”

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆ ಬೆಳಿಗ್ಗೆ ಕ್ರೀಡಾಂಗಣದ ಪಕ್ಕದ ಮೈದಾನದಲ್ಲಿ ಅಂಥ ನಲವತ್ತು ಹೆಗ್ಗಣಗಳು ಹಗ್ಗದಾಚೆ ಸಾಲಾಗಿ ನಿಂತು ಮಿರಮಿರನೆ ಮಿಂಚುತ್ತಿದ್ದವು. ಒಂದೊಂದರ ಸುತ್ತಲೂ ಬಟ್ಟೆ, ಬ್ರಷ್ಷು ಹಿಡಿದ ನಾಲ್ಕಾರು ಜನ, ಎಲ್ಲರ ಬಾಯಲ್ಲೂ ಇದೇ ವಾದ. ಅಳಿಯನದು ಎರಡೇ ಬಾಗಿಲಿನ ಕಡುಹಸಿರು ಕಾರು, ವಯಸ್ಸು ನಲವತ್ತೆರಡು. ಯಾರದೋ ಗೋದಾಮಿನ ಹಿಂದೆ ಬಳ್ಳಿ ಹಬ್ಬಿಸಿಕೊಂಡು ಬಿದ್ದಿದ್ದನ್ನು ತಂದು ನಾಲ್ಕು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದಿದ್ದ. ಅವನು ಹಲ್ಲಿನ ಡಾಕ್ಟರು. ವಾರವಿಡೀ ಊರಿನವರ ಬಾಯೊಳಗೆ ಇಣುಕಿ, ಭಾನುವಾರ ಬಂದರೆ ಕಾರಿನ ಬಾಯೊಳಗೆ ಇಣುಕುತ್ತಿದ್ದ. ಎರಡು ವರ್ಷ ಈ ಹಳೆಯ ಕಾರುಗಳ ಪ್ರದರ್ಶನಕ್ಕೆ ತಂದು ಎರಡು ವರ್ಷವೂ ಬರಿಗೈಯಲ್ಲಿ ಮರಳಿದ್ದ. ಹೋದ ವರ್ಷ ತೀರ್ಪುಗಾರರು ಎಡಬಾಗಿಲಿನ ತಳದ ತುಕ್ಕಿನ ಕಡೆ ಪೆನ್ಸಿಲು ತೋರಿಸಿ ಮುಂದೆ ಹೋಗಿದ್ದರು. ಅದಕ್ಕೇ ಈ ಸಲ ಎಡಬಾಗಿಲನ್ನು ಪೂರ್ತಿ ಕಳಚಿ, ತಳಕ್ಕೆ ಹೊಸ ತಗಡು ಬೆಸೆದು, ಬಣ್ಣ ಹೊಡೆಸಿ ಕೂರಿಸಿದ್ದ.

ಸ್ವಲ್ಪ ಆಚೆ, ಮಡಚುವ ಕುರ್ಚಿಯಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಅವನ ಅತ್ತೆ ಕೂತಿದ್ದರು. ಮನೆಯಲ್ಲಿ ಒಬ್ಬಳೇ ಇದ್ದು ಏನು ಮಾಡುತ್ತೀ ಎಂದು ಮಗಳು ಕರೆದುಕೊಂಡು ಬಂದಿದ್ದಳು.

ಮಗಳು ಕಾರಿನೊಳಗಿಂದ ಇನ್ನೊಂದು ಬಟ್ಟೆ ತೆಗೆದುಕೊಂಡು ಎಡಬಾಗಿಲು ಹಾಕಿದಳು. ಅದು ಹಿಂದಕ್ಕೆ ಚಿಮ್ಮಿತು. ಮತ್ತೆ ಹಾಕಿದಳು. ಕೊನೆಗೆ ಸೊಂಟದಿಂದ ಗುದ್ದಿದಾಗ ಧಡ್ ಎಂದು ಮುಚ್ಚಿಕೊಂಡಿತು. ಅತ್ತೆಗೆ ಯಾರೋ ತಮ್ಮ ಬೆನ್ನಿಗೇ ಗುದ್ದಿದ ಹಾಗಾಯಿತು.

“ಹೊಸ ರಬ್ಬರು, ಅದಕ್ಕೆ ಬಿಗಿ. ನಾಲ್ಕು ದಿನ ಹೋದ್ರೆ ಕೂತ್ಕೊಳ್ಳುತ್ತೆ,” ಎಂದ ಅಳಿಯ, ಯಾರೂ ಕೇಳದಿದ್ದರೂ.

ಮೇಷ್ಟ್ರು ಮರ್ಯಾದಸ್ಥರು. ಸುಮ್ಮನೆ ಕೂತವರನ್ನೂ ಮಾತಿಗೆ ಎಳೆಯಬೇಕೆಂದು, “ನೀವು ಹೇಳಿ ಅಮ್ಮಾ, ಕಾರಿನ ಚೆಂದ ಎಲ್ಲಿರುತ್ತೆ?” ಎಂದರು. ಮಕ್ಕಳನ್ನು ಯಾವ ಬಣ್ಣ ಇಷ್ಟ ಎಂದು ಕೇಳುವ ದನಿ ಅದು.

“ಸಂದಲ್ಲಿ,” ಎಂದರು ಅತ್ತೆ.

“ಎಲ್ಲಿ?”

“ಬಾಗಿಲಿಗೂ ಕಾರಿನ ಮೈಗೂ ನಡುವೆ ಇರುತ್ತಲ್ಲ, ಆ ಸಂದು. ಮೇಲಿಂದ ಕೆಳಗಿನ ತನಕ ಒಂದೇ ಸಮ ಇರ್ಬೇಕು. ಅದು ಸರಿ ಇದ್ರೆ ಮೂತಿ ಹೇಗಿದ್ರೂ ನಡೆಯುತ್ತೆ.”

ಹಾರ್ನ್ ನಕ್ಕ ನಗು ಮೂರು ಸಾಲು ಆಚೆಗೂ ಕೇಳಿಸಿತು. “ಏನೂ ಇಲ್ಲದ ಜಾಗದಲ್ಲಿ ಚೆಂದ ಇದೆ ಅಂತೀರಲ್ಲಮ್ಮಾ!” ಮೇಷ್ಟ್ರು ನಕ್ಕರು. ಅಳಿಯನೂ ನಕ್ಕ. ಉಳಿದವರ ನಗು ಅತ್ತೆಗೆ ಏನೂ ಅನ್ನಿಸಲಿಲ್ಲ. ಅಳಿಯನದು ಮಾತ್ರ ನಾಟಿತು.

ಯಾಕೆಂದರೆ ಅವನಿಗೆ ಗೊತ್ತಿತ್ತು. ಅತ್ತೆ ಇಪ್ಪತ್ತೆಂಟು ವರ್ಷ ಕಾರು ಕಾರ್ಖಾನೆಯಲ್ಲಿ ಎಡಬಾಗಿಲು ಕೂರಿಸುವ ಕೆಲಸ ಮಾಡಿದವರು. ಸಾಲಿನಲ್ಲಿ ಕಾರಿನ ಒಡಲು ತೇಲಿಕೊಂಡು ಬಂದರೆ ಎಡಕ್ಕೆ ಇವರು, ಬಲಕ್ಕೆ ಇನ್ನೊಬ್ಬರು. ದಿನಕ್ಕೆ ತೊಂಬತ್ತು ಬಾಗಿಲು. ನಿವೃತ್ತರಾಗಿ ಮಗಳ ಮನೆಗೆ ಬಂದು ಆರು ತಿಂಗಳಾಗಿತ್ತು. ಅಳಿಯ ಒಳ್ಳೆಯವನು. ಬಿಸಿನೀರು ಕಾಯಿಸಿಕೊಡುತ್ತಿದ್ದ, ಮಾತ್ರೆ ತಂದುಕೊಡುತ್ತಿದ್ದ, ನಿಮ್ಮ ಕಾಲು ನೋವು ಹೇಗಿದೆ ಅತ್ತೆ ಎಂದು ದಿನಾ ಕೇಳುತ್ತಿದ್ದ. ಕಾರಿನ ಬಗ್ಗೆ ಮಾತ್ರ ಊರಿನವರನ್ನೆಲ್ಲ ಕೇಳಿದ, ಕಂಪ್ಯೂಟರಿನಲ್ಲಿ ಕಾಣದ ದೇಶದವರನ್ನೂ ಕೇಳಿದ, ಮನೆಯಲ್ಲಿದ್ದವರನ್ನು ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ. ಅತ್ತೆಗೆ ಬೇಕಾಗಿದ್ದು ಹೆಚ್ಚೇನಲ್ಲ. ಒಂದೇ ಒಂದು ಸಲ, ಈ ಬಾಗಿಲು ಸ್ವಲ್ಪ ನೋಡಿ ಅತ್ತೆ ಎಂದು ಅವನ ಬಾಯಲ್ಲಿ ಬರಬೇಕಿತ್ತು.

ಚೀಲದಲ್ಲಿ ನೀರಿನ ಬಾಟಲಿ, ಊಟದ ಡಬ್ಬಿ, ಅದರ ಕೆಳಗೆ ಒಂದು ಮರದ ತುಂಡು ಇತ್ತು. ಇಟ್ಟಿಗೆಗಿಂತ ಸ್ವಲ್ಪ ಉದ್ದ, ಒಂದು ಬದಿಗೆ ದಪ್ಪ ಉಣ್ಣೆಬಟ್ಟೆ ಅಂಟಿಸಿದ್ದು. ಕೊನೆಯ ದಿನ ಕಾರ್ಖಾನೆಯಿಂದ ಅವರು ಕೇಳಿ ತಂದದ್ದು ಇದೊಂದನ್ನೇ. ಗೇಟಿನ ಕಾವಲುಗಾರ, “ಒಲೆಗಾ ಅಮ್ಮಾ?” ಎಂದು ನಕ್ಕಿದ್ದ. ಮಗಳ ಮನೆಯಲ್ಲಿ ಅದು ಅವರ ಕೋಣೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅಡ್ಡ ಇರುತ್ತಿತ್ತು. ಮಗಳು ದಿನಕ್ಕೊಮ್ಮೆ ಎಡವಿ ಅದಕ್ಕೆ ಶಾಪ ಹಾಕುತ್ತಿದ್ದಳು. ಬೆಳಿಗ್ಗೆ ಹೊರಡುವಾಗ ಅತ್ತೆ ಅದನ್ನು ಯಾರಿಗೂ ಕಾಣದ ಹಾಗೆ ಡಬ್ಬಿಯ ಕೆಳಗೆ ಸೇರಿಸಿದ್ದರು.

ಚಹಾ ತರಲು ಹೋಗಿದ್ದ ಹಾರ್ನ್ ಚಹಾ ಇಲ್ಲದೆ ಓಡಿ ಬಂದ. “ಡಾಕ್ಟ್ರೇ, ಕೆಟ್ಟಿತು ಕೆಲಸ! ಈ ಸಲ ತೀರ್ಪಿಗೆ ಯಾರೋ ಹೊಸ ಮುದುಕ ಬಂದಿದಾನೆ. ಬಣ್ಣ ನೋಡಲ್ಲ, ಇಂಜಿನ್ ನೋಡಲ್ಲ. ಮೊದಲು ಬಾಗಿಲು ತೆಗೆದು ಒಂದೇ ಬೆರಳಲ್ಲಿ ಹಾಕ್ತಾನೆ. ಹಾಕ್ಕೊಂಡ್ರೆ ಮುಂದಿನ ಮಾತು. ಇಲ್ಲಾಂದ್ರೆ ಬರ್ಕೊಂಡು ನಡೀತಾ ಇರ್ತಾನೆ!”

ಎಲ್ಲರೂ ಆ ಕಡೆ ನೋಡಿದರು. ಅದೇ ಸಾಲಿನ ತುದಿಯಲ್ಲಿ, ಏಳು ಕಾರುಗಳ ಆಚೆ, ಬಿಳಿ ಟೋಪಿಯ ಒಬ್ಬರು ಕೆಂಪು ಕಾರಿನ ಬಾಗಿಲನ್ನು ತೋರುಬೆರಳಿನಿಂದ ತಳ್ಳುತ್ತಿದ್ದರು. ಬಾಗಿಲು ಅರ್ಧಕ್ಕೆ ನಿಂತಿತು. ಕೆಂಪು ಕಾರಿನ ಯಜಮಾನನ ಮುಖ ಹುಳ್ಳಗಾಯಿತು.

ಅಳಿಯ ತನ್ನ ಎಡಬಾಗಿಲನ್ನು ಒಂದು ಬೆರಳಿನಿಂದ ತಳ್ಳಿ ನೋಡಿದ. ಅದು ಬಂದು ಚಿಲಕದ ಮೇಲೆ ಕೂತು ಒಳಕ್ಕೆ ಹೋಗಲೊಲ್ಲದೆ ನಿಂತಿತು. ಎಣ್ಣೆ ಬಿಟ್ಟ. ಮತ್ತೆ ತಳ್ಳಿದ. ಅಂಗೈಯಿಂದ ಬಡಿದ.

“ತೆಗೆದೇ ಇಟ್ಬಿಡಿ, ಗಾಳಿಗೆ ಅಂತ,” ಎಂದ ಹಾರ್ನ್.

“ಬೀಗ ಹಾಕಿ ಕೀ ಮನೇಲಿ ಮರೆತೆ ಅನ್ನಿ,” ಎಂದರು ಮೇಷ್ಟ್ರು.

“ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ನಿಮಗೆ ಅದನ್ನ ಹಾಕೋಕೂ ಬರ್ತಿಲ್ವಲ್ಲ!” ಎಂದಳು ಮಗಳು. ಅಳಿಯ ನಗಲಿಲ್ಲ. ನಾಲ್ಕು ವರ್ಷ ಅವನ ಕಣ್ಣಲ್ಲಿ ನಿಂತಿತ್ತು.

ಅತ್ತೆ ಎದ್ದರು. ಪ್ರದರ್ಶನದ ಕರಪತ್ರದಿಂದ ಒಂದು ಉದ್ದನೆಯ ಚೂರು ಹರಿದು, ಬಾಗಿಲಿನ ಮೇಲಿನ ಅಂಚಿಗೆ ಇಟ್ಟು ಬಾಗಿಲು ಒತ್ತಿ ಹಿಡಿದರು. “ಎಳೀರಿ ಅಳಿಯಂದ್ರೇ.”

ಅಳಿಯ ಎಳೆದ. ಕಾಗದ ಸಲೀಸಾಗಿ ಬಂತು.

ಅದೇ ಚೂರನ್ನು ಹಿಂಬದಿಯ ಕೆಳಮೂಲೆಗೆ ಇಟ್ಟರು. “ಈಗ.”

ಎಳೆದ. ಬರಲಿಲ್ಲ. ಜೋರಾಗಿ ಎಳೆದ. ಹರಿದುಹೋಯಿತು.

ಅಳಿಯ ಕೈಯಲ್ಲಿ ಉಳಿದ ತುಂಡನ್ನು ನೋಡುತ್ತ ನಿಂತ. ಹದಿನಾರು ವರ್ಷದಿಂದ ಅವನು ಜನರ ಹಲ್ಲಿನ ನಡುವೆ ಬಣ್ಣದ ಕಾಗದ ಇಟ್ಟು ಕಚ್ಚಿ ಎನ್ನುತ್ತಿದ್ದವನು. ಎಲ್ಲಿ ಎತ್ತರ, ಎಲ್ಲಿ ತಗ್ಗು ಎಂದು ಕಾಗದ ಹೇಳುತ್ತದೆ.

“ಕಚ್ಚು ಸರಿ ಕೂತಿಲ್ಲ,” ಎಂದ ಮೆಲ್ಲಗೆ.

“ಹಿಂದಿನ ತುದಿ ಜೋತಿದೆ. ನೀವು ಬಾಗಿಲು ಕೂರಿಸಿದಾಗ ಗಾಜು ಹಾಕಿರ್ಲಿಲ್ಲ. ಗಾಜು, ಅದನ್ನ ಏರಿಸೋ ಹಲ್ಲುಚಕ್ರ, ಎಲ್ಲ ಸೇರಿದ್ರೆ ಎತ್ಕೊಳ್ಳೋ ಮಗುವಿನಷ್ಟು ಭಾರ. ಆ ಭಾರಕ್ಕೆ ಬಾಗಿಲು ಇಳಿಯುತ್ತೆ. ಅದಕ್ಕೇ ಖಾಲಿ ಬಾಗಿಲನ್ನ ಒಂದು ಅಕ್ಕಿಕಾಳಿನಷ್ಟು ಮೇಲಕ್ಕೆ ಕೂರಿಸಿರ್ಬೇಕು.”

“ಅವತ್ತೇ ಹೇಳ್ಬಾರ್ದಿತ್ತಾ ಅತ್ತೆ?”

“ಹೇಳ್ದೆ. ಗೆರೆಗೆ ಗೆರೆ ಕೂತಿದೆ ನೋಡಿ ಅತ್ತೆ ಅಂದ್ರಿ.”

ಅಳಿಯನಿಗೆ ನೆನಪಾಯಿತು. ಅವತ್ತು ತಾನು ಅವರ ಮುಖ ನೋಡದೆಯೇ ಆ ಮಾತು ಆಡಿದ್ದೂ ನೆನಪಾಯಿತು. ಅವನ ಕಿವಿ ಕೆಂಪಾಯಿತು. ಬಿಳಿ ಟೋಪಿ ಈಗ ನಾಲ್ಕು ಕಾರಿನ ಆಚೆ ಇತ್ತು.

“ಈಗ ಏನು ಮಾಡೋದು?”

“ಎತ್ತೋದು,” ಎಂದು ಅತ್ತೆ ಚೀಲದಿಂದ ಮರದ ತುಂಡು ಹೊರಗೆ ತೆಗೆದರು.

“ಅಮ್ಮಾ, ಆ ದರಿದ್ರದ ತುಂಡನ್ನ ಇಲ್ಲಿಗೂ ತಂದ್ಯಾ?” ಎಂದು ಮಗಳು ಕೂಗಿದಳು.

“ಬಣ್ಣ ಬಿರುಕು ಬಿಟ್ರೆ ಕಥೆ ಮುಗೀತು ಡಾಕ್ಟ್ರೇ, ಬೇಡ,” ಎಂದರು ಮೇಷ್ಟ್ರು.

ಅಳಿಯ ಬಣ್ಣ ನೋಡಿದ. ಬಿಳಿ ಟೋಪಿ ನೋಡಿದ. ಕೈಯಲ್ಲಿದ್ದ ಹರಕು ಕಾಗದ ನೋಡಿದ. ಆಮೇಲೆ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತ.

“ಸ್ವಲ್ಪ ನೋಡಿ ಅತ್ತೆ,” ಎಂದ.

ಆರು ತಿಂಗಳಿಂದ ಕಾದಿದ್ದ ಮಾತು ಬಂದೇಬಿಟ್ಟಿತು. ಅದನ್ನು ಅನುಭವಿಸುತ್ತ ಕೂರಲು ಅತ್ತೆಗೆ ಪುರಸೊತ್ತಿರಲಿಲ್ಲ.

ತೋಳು ಮಡಚಿದರು. ನೋಯುವ ಕಾಲಿನ ಮಂಡಿಯನ್ನು ನೆಲಕ್ಕೂರಿ, ಇನ್ನೊಂದು ಮೊಣಕಾಲಿನ ಮೇಲೆ ಮರದ ತುಂಡನ್ನಿಟ್ಟು, ಉಣ್ಣೆಯ ಮೈಯನ್ನು ಬಾಗಿಲಿನ ತಳದಂಚಿಗೆ ಕೊಟ್ಟರು. ಎರಡೂ ಕೈಯಿಂದ ಬಾಗಿಲನ್ನು ತಬ್ಬಿ ಹಿಡಿದರು. ಬಾಯಿ ಬಿಟ್ಟುಕೊಂಡು ನಿಂತಿದ್ದ ಅಳಿಯನ ಕಡೆ ನೋಡಿ, “ಆ ಕಡೆ ತಿರುಗಿ ನೀವು. ಹಲ್ಲು ಕೀಳೋವಾಗ ಅವರ ಮನೆಯವರನ್ನ ಹೊರಗೆ ಕೂರಿಸಲ್ವಾ?” ಎಂದರು.

ಅಳಿಯ ತಿರುಗಿದ. ಅತ್ತೆ ಹಿಮ್ಮಡಿ ಎತ್ತಿದರು. ಕಬ್ಬಿಣ ಕುಯ್ ಎಂದಿತು. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಅತ್ತೆ ಇಳಿಸಿ, ಸಂದಿಗೆ ಬೆರಳುಗುರು ಇಟ್ಟು ಮೇಲಿಂದ ಕೆಳಗೆ ಎಳೆದು, ತಲೆಯಾಡಿಸಿ, ಇನ್ನೊಂದು ಸಲ ಎತ್ತಿದರು. ಈ ಸಲ ಕಡಿಮೆ. ಕಾಗದದ ಇನ್ನೊಂದು ಚೂರು ಹರಿದು ಮೇಲೆ ಇಟ್ಟು ಎಳೆದರು, ಕೆಳಗೆ ಇಟ್ಟು ಎಳೆದರು. ಎರಡು ಕಡೆಯೂ ಒಂದೇ ಹಿಡಿತ. ಮಗಳು ಕೈ ಕೊಟ್ಟು ಅವರನ್ನು ಎಬ್ಬಿಸುವ ಹೊತ್ತಿಗೆ ಬಿಳಿ ಟೋಪಿ ಹಗ್ಗ ದಾಟಿ ಒಳಗೆ ಬಂದಿತ್ತು.

ಮುದುಕರು ನಮಸ್ಕಾರವನ್ನೂ ಹೇಳಲಿಲ್ಲ. ನೇರ ಬಾಗಿಲು ತೆಗೆದು ತೋರುಬೆರಳು ಇಟ್ಟು ತಳ್ಳಿದರು.

ಟಕ್.

ಒಳ್ಳೆಯ ಡಬ್ಬಿಯ ಮುಚ್ಚಳ ಕೂತ ಹಾಗೆ, ಅಷ್ಟೇ. ಮುದುಕರು ಪೆನ್ಸಿಲು ಎತ್ತಿದವರು ನಿಂತರು. ಮತ್ತೆ ಬಾಗಿಲು ತೆಗೆದು, ಮತ್ತೆ ತಳ್ಳಿದರು. ಮೂರನೆಯ ಸಲ ಹಾಕಿದ್ದು ತೀರ್ಪಿಗಲ್ಲ, ಬರೀ ಆಸೆಗೆ ಎಂದು ನೋಡಿದವರಿಗೆಲ್ಲ ಗೊತ್ತಾಯಿತು.

“ಯಾರು ಕೂರಿಸಿದ್ದು ಇದನ್ನ?”

“ನಮ್ಮತ್ತೆ!” ಎಂದ ಅಳಿಯ. ಹಾರ್ನ್‌ನ ಗಂಟಲೂ ಅಷ್ಟು ಜೋರಾಗಿ ಎಂದೂ ಹೊರಟಿರಲಿಲ್ಲ.

ಮುದುಕರು ಅತ್ತೆಯ ಕೈಯಲ್ಲಿದ್ದ ಮರದ ತುಂಡು ನೋಡಿ ಟೋಪಿ ತೆಗೆದರು. “ಬಲಗಡೆದು?”

“ಅದು ಆಗಿನ ಕಾಲಕ್ಕೆ ಕಾರ್ಖಾನೇಲಿ ಎದುರಿನವರು ಕೂರಿಸಿದ್ದು. ನನಗೆ ಸಂಬಂಧ ಇಲ್ಲ.”

ಮುದುಕರು ಬಲಬಾಗಿಲನ್ನೂ ಹಾಕಿ ನೋಡಿ, “ಎದುರಿನವರೂ ಪರವಾಗಿಲ್ಲ,” ಎಂದು ಬರೆದುಕೊಂಡರು.

ಆಮೇಲೆ ವಾದ ಮತ್ತೆ ಶುರುವಾಯಿತು, ಈ ಸಲ ಗೆದ್ದವರು ಯಾರು ಎಂದು. “ಸದ್ದು ಅಂತ ನಾನು ಮೊದಲೇ ಹೇಳ್ಲಿಲ್ವಾ? ಆ ಟಕ್ ಕೇಳಿದ್ರಾ?” ಎಂದು ಹಾರ್ನ್ ಎದೆ ತಟ್ಟಿಕೊಂಡ. ಮೇಷ್ಟ್ರು ನೆಲಕ್ಕೆ ಕೂತು, ಒಂದು ಕಣ್ಣು ಮುಚ್ಚಿ, ಬಾಗಿಲಿನ ಸಂದನ್ನು ತುದಿಯಿಂದ ತುದಿಗೆ ನೋಡಿದರು. ಎದ್ದು ಬಂದು ಅತ್ತೆಯ ಮುಂದೆ ನಿಂತು, “ನಲವತ್ತು ವರ್ಷ ಮಕ್ಕಳಿಗೆ ಗೆರೆ ಎಳೆಯೋದು ಕಲಿಸಿದೀನಿ ಅಮ್ಮಾ. ನನ್ನ ಕೈಯಲ್ಲಿ ಇಷ್ಟು ನೆಟ್ಟಗೆ ಬಂದಿಲ್ಲ,” ಎಂದರು.

ಮಧ್ಯಾಹ್ನ ಧ್ವನಿವರ್ಧಕದಲ್ಲಿ ಮೊದಲ ಬಹುಮಾನಕ್ಕೆ ಕಡುಹಸಿರು ಕಾರಿನ ನಂಬರು ಕೂಗಿದಾಗ ಅಳಿಯ ಅತ್ತೆಯ ಕೈ ಹಿಡಿದು ವೇದಿಕೆಗೆ ಎಳೆದುಕೊಂಡೇ ಹೋದ. ಅವರು ತಿನ್ನುತ್ತಿದ್ದ ತುತ್ತು ಇನ್ನೂ ಬಾಯಲ್ಲೇ ಇತ್ತು. ಬಹುಮಾನದ ಕಪ್ ಹಿಡಿದು ಕೆಳಗಿಳಿದು ಬರುವಷ್ಟರಲ್ಲಿ ಕುರ್ಚಿಯ ಸುತ್ತ ಜನ. ಕೆಂಪು ಕಾರಿನ ಯಜಮಾನ ಎಲ್ಲರಿಗಿಂತ ಮುಂದೆ.

“ಅಮ್ಮಾ, ನಮ್ಮದನ್ನೂ ಒಂದ್ಸಲ...”

“ಎಡಬಾಗಿಲಾದ್ರೆ ನೋಡ್ತೀನಿ,” ಎಂದರು ಅತ್ತೆ. “ಸಾಲಾಗಿ ಬನ್ನಿ.”

ಸಂಜೆ ಮನೆಗೆ ಬಂದಾಗ ಅಳಿಯ ಮರದ ತುಂಡನ್ನು ಒರೆಸಿ, ಶೆಡ್ಡಿನ ಗೋಡೆಯಲ್ಲಿ ಸ್ಪ್ಯಾನರುಗಳ ಮೇಲೆ ಎರಡು ಮೊಳೆ ಹೊಡೆದು ಅದಕ್ಕೊಂದು ಜಾಗ ಮಾಡಿದ. ಅತ್ತೆ ಸುಸ್ತಾಗಿ ಮಲಗಿದ್ದರು. ಕಿಟಕಿಯಿಂದ ಬೀಸಿದ ಗಾಳಿಗೆ ಅವರ ಕೋಣೆಯ ಬಾಗಿಲು ಬಡಿದುಕೊಳ್ಳತೊಡಗಿತು. ಅವನು ಒಳಗೆ ಬಂದು ಸ್ವಲ್ಪ ಹೊತ್ತು ಅತ್ತಿತ್ತ ಹುಡುಕಾಡಿದ್ದು ಮಗಳಿಗೆ ಅಡುಗೆಮನೆಯಿಂದ ಕೇಳಿಸಿತು. ಅಮ್ಮನಿಗೆ ಬಿಸಿಬಿಸಿ ಹಾಲು ಹಿಡಿದುಕೊಂಡು ಕೋಣೆಗೆ ಹೊರಟ ಅವಳು ಹೊಸಿಲಲ್ಲಿ ಎಡವಿದಳು.

“ಅಯ್ಯೋ, ಇದನ್ನ ಇಲ್ಲಿ ಯಾರು ಇಟ್ಟಿದ್ದು?”

ಬಾಗಿಲು ಅಲುಗಾಡದೆ ತೆರೆದೇ ಇತ್ತು. ಅದಕ್ಕೆ ಒತ್ತಿಕೊಂಡು, ಎರಡೂ ಹಿಡಿಗಳನ್ನು ಸೊಂಟದ ಮೇಲಿಟ್ಟುಕೊಂಡ ಹಾಗೆ, ಆ ದಿನ ಗೆದ್ದ ಬೆಳ್ಳಿಬಣ್ಣದ ಕಪ್ ನಿಂತಿತ್ತು.