ಪೊಲೀಸ್ ಕಾರಿನ ಡಿಸ್ಕ್

ಕ್ಲಾರಿ ಟಕ್‌ವೆಲ್‌ನ ಹಳೇ ಸೆಡಾನ್ ಒಂದು ಕಾಲದಲ್ಲಿ ಹೆದ್ದಾರಿ ಪೊಲೀಸರ ಕಾರಾಗಿತ್ತು ಎಂಬುದು ಟುವೂಂಬಾದ ಪಬ್ಬಿನಲ್ಲಿ ಎಲ್ಲರಿಗೂ ಬಾಯಿಪಾಠ. ಹರಾಜಿನಲ್ಲಿ ತಂದು ಒಂಬತ್ತು ವರ್ಷವಾದರೂ ಅವನ ಬಾಯಲ್ಲಿ ಆ ಕಾರು ಇನ್ನೂ ಕಳ್ಳರ ಬೆನ್ನು ಬಿಟ್ಟಿರಲಿಲ್ಲ. ಚಾವಣಿಯ ಮೇಲೆ ಮುಚ್ಚಿದ್ದ ಎರಡು ತೂತುಗಳನ್ನು ತೋರಿಸಿ, ಸೈರನ್ ಕೂತಿದ್ದ ಜಾಗ ಅನ್ನುತ್ತಿದ್ದ.

ಹೆಂಡತಿ ನೊರೀನ್‌ಗೆ ಕಳ್ಳರ ಚಿಂತೆಯಿರಲಿಲ್ಲ, ಘಾಟಿಯ ಚಿಂತೆಯಿತ್ತು. ಶನಿವಾರ ಬ್ರಿಸ್ಬೇನ್‌ನಲ್ಲಿ ಮಗಳ ಮದುವೆ. ಘಾಟಿ ಇಳಿಯಬೇಕು. ಬ್ರೇಕ್ ಒತ್ತಿದರೆ ಸ್ಟೀರಿಂಗ್ ಜ್ವರ ಬಂದಂತೆ ನಡುಗುತ್ತಿತ್ತು. ಗುರುವಾರ ಬೆಳಿಗ್ಗೆ ಅವಳು ತಾನೇ ಚಕ್ರ ಬಿಚ್ಚಿ, ಸವೆದ ಬ್ರೇಕ್ ಡಿಸ್ಕೊಂದನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು, ಪಬ್ಬಿನ ಗೆಳೆಯ ಮರ್ವ್‌ನ ಗಾಡಿಯಲ್ಲಿ ಗಂಡನ ಜೊತೆ ಬಿಡಿಭಾಗದ ಅಂಗಡಿಗೆ ಬಂದಳು.

"ಮಾಮೂಲಿ ಕಾರೋ, ಪೊಲೀಸ್ ಕಾರೋ?" ಕೌಂಟರಿನ ಬೆವನ್ ಕೇಳಿದ. "ಪೊಲೀಸ್ ಕಾರಿಗೆ ದೊಡ್ಡ ಡಿಸ್ಕು."

"ಪೊಲೀಸ್," ಎಂದ ಕ್ಲಾರಿ, ಹಿಂದೆ ನಿಂತ ಮರ್ವ್‌ಗೂ ಕೇಳುವಷ್ಟು ಗಟ್ಟಿಯಾಗಿ.

ನೊರೀನ್ ಚೀಲ ಎತ್ತಿಟ್ಟಳು. "ಇದನ್ನ ಅಳೆದು ನೋಡು ಬೆವನ್."

"ಅಳೆಯೋದೇನಿದೆ? ನನ್ನ ಮಾತು ಸಾಲ್ದಾ?"

"ನಿನ್ನ ಮಾತಿನ ಉದ್ದ ಗೊತ್ತು ಕ್ಲಾರಿ. ನಂಗೆ ಬೇಕಿರೋದು ಡಿಸ್ಕಿನ ಅಗಲ."

ಬೆವನ್ ಅಳೆದ. ಇನ್ನೂರ ಎಂಬತ್ತೇಳು ಮಿಲಿಮೀಟರ್. ಪೊಲೀಸರದು ಮುನ್ನೂರ ಇಪ್ಪತ್ತೆರಡು.

"ಸವೆದಿರ್ಬೇಕು," ಎಂದ ಕ್ಲಾರಿ.

"ಡಿಸ್ಕ್ ದಪ್ಪದಲ್ಲಿ ಸವೆಯತ್ತೆ, ಅಗಲದಲ್ಲಲ್ಲ. ದೊಡ್ಡದು ಕೊಟ್ರೆ ಕೂರೋದೇ ಇಲ್ಲ. ಯಾವ ಜೋಡಿ ಕೊಡ್ಲಿ?"

ಕ್ಲಾರಿ ಮರ್ವ್‌ನನ್ನು ನೋಡಿದ, ಅಂಗಡಿಯ ಚಾವಣಿ ನೋಡಿದ.

"ಮದುವೇಲಿ ಮಗಳ ಕೈ ಹಿಡಿದು ನಡೆಸೋಕೆ ಅಪ್ಪನೇ ಬೇಕಂತೆ," ಎಂದಳು ನೊರೀನ್, ಮೆಲ್ಲಗೆ.

"ಚಿಕ್ಕದು ಕೊಡಪ್ಪ," ಎಂದ ಕ್ಲಾರಿ. "ಅದು ಟ್ಯಾಕ್ಸಿಯಾಗಿತ್ತು. ಚಾವಣಿ ತೂತು ಟ್ಯಾಕ್ಸಿ ಬೋರ್ಡಿಂದು."

"ಗೊತ್ತು ಮಾರಾಯ," ಎಂದ ಮರ್ವ್. "ಎಷ್ಟು ಸಲ ಅದ್ರಲ್ಲೇ ಮನೆಗೆ ಹೋಗಿದೀನಿ. ಹಿಂದಿನ ಸೀಟಲ್ಲಿರೋ ಸಿಗರೇಟ್ ತೂತು ನಂದೇ."

"ಮತ್ತೆ ಇಷ್ಟು ವರ್ಷ ಯಾಕೋ ಬಾಯಿ ಬಿಡ್ಲಿಲ್ಲ?"

"ನೀನು ಮುಚ್ಚಿದ್ರೆ ತಾನೇ ನಾನು ಬಿಡೋದು. ಕತೆನೂ ಚೆನ್ನಾಗಿತ್ತು."

ಶನಿವಾರ ನೊರೀನ್‌ಳ ಕೈಯಲ್ಲಿ ಸ್ಟೀರಿಂಗ್ ಸಾಧುವಿನಂತಿತ್ತು. ಮರ್ವ್ ಕೋಟು ತೊಟ್ಟು, ಹಿಂದೆ ತನ್ನ ತೂತಿನ ಪಕ್ಕದಲ್ಲೇ ಕೂತಿದ್ದ. ಘಾಟಿಯ ಅರ್ಧದಲ್ಲಿ ಕ್ಲಾರಿ ಟೈ ಸಡಿಲಿಸಿದ.

"ಈ ಟ್ಯಾಕ್ಸಿಗೆ ಒಂದ್ಸಲ ಬ್ಯಾಂಕ್ ದರೋಡೆ ಮಾಡಿದೋನು ಹತ್ತಿದ್ನಂತೆ..."

ನೊರೀನ್ ಬ್ರೇಕ್ ಒತ್ತಿದಳು. ಕಾರು ನಿಧಾನವಾಯಿತು. ಕ್ಲಾರಿ ಆಗಲಿಲ್ಲ.