ಹೊಲಿದಿಟ್ಟ ಕೊನೆಯ ಅಧ್ಯಾಯ

ಪ್ರತಿಭಾ ಟೀಚರ್ ಬದುಕಿನಲ್ಲಿ ವಾದ ಮಾಡಿ ಗೆದ್ದದ್ದು ಒಂದೇ ಸಲ. ಆಟೋದವರ ಹತ್ತಿರ ಸೋತಿದ್ದಾಳೆ, ಓರಗಿತ್ತಿಯ ಹತ್ತಿರ ಸೋತಿದ್ದಾಳೆ, ಕೆ.ಆರ್. ಪುರದ ತನ್ನ ಅಪಾರ್ಟ್‌ಮೆಂಟಿನ ಸಭೆಯಲ್ಲಂತೂ ತಿಂಗಳು ತಪ್ಪದೆ ಸೋಲುತ್ತಾಳೆ. ಅವನ್ನೆಲ್ಲ ಅವಳು ಮರೆತಿದ್ದಾಳೆ. ಗೆದ್ದ ಆ ಒಂದು ವಾದ ಮಾತ್ರ ಇವತ್ತಿಗೂ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ಅವತ್ತೂ ಸೋತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸದ ಶನಿವಾರವಿಲ್ಲ.

ಶನಿವಾರ ಯಾಕೆಂದರೆ, ಎಲ್ಲ ಶುರುವಾದದ್ದು ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ. ಹಲಸೂರು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿರುವ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಅವಳು ಕನ್ನಡ ಕಲಿಸುತ್ತಾಳೆ. ವಿಜಯಪುರದ ಕಡೆಯವಳು, ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಅವಳ ತರಗತಿಯಲ್ಲಿ ಮನೆಯಲ್ಲೂ ಕನ್ನಡ ಮಾತಾಡುವ ಮಕ್ಕಳು ಬೆರಳೆಣಿಕೆಯಷ್ಟು. ಉಳಿದವರದು ತಮಿಳು, ತೆಲುಗು; ಶಿವಾಜಿನಗರದಿಂದ ಬಸ್ಸಿನಲ್ಲಿ ಬರುವವರದು ಉರ್ದು. ಕನ್ನಡವೆಂದರೆ ಅವರಿಗೆ ಬಸ್ಸಿನಲ್ಲಿ ಸ್ಟಾಪು ಕೇಳುವಷ್ಟು ಬಂದರೆ ಸಾಕು. ಇಂಥವರ ಮುಂದೆ ಒಂದು ಶನಿವಾರ, ಪಾಠ ಮುಗಿದು ಅರ್ಧ ಗಂಟೆ ಉಳಿದಿತ್ತೆಂದು, ಅವಳು ತನ್ನ ಹಾಸ್ಟೆಲ್ ದಿನಗಳ ಒಂದು ಪುಸ್ತಕ ತೆಗೆದು ಜೋರಾಗಿ ಓದಿದಳು.

‘ಕೆರೆಯಡಿಯ ಪೇಟೆ’ ಎಂದು ಅದರ ಹೆಸರು. ರಟ್ಟು ಹರಿದುಹೋಗಿ, ಹಳೆಯ ಕ್ಯಾಲೆಂಡರಿನ ಹಾಳೆ ಹೊದ್ದುಕೊಂಡಿತ್ತು. ಬರೆದವರು ಯಾರೋ ಅಂಚೆ ಇಲಾಖೆಯವರಂತೆ. ಅದೊಂದನ್ನೇ ಬರೆದು ಸುಮ್ಮನಾದರಂತೆ. ಚಿಗುರಿ ಎಂಬ ಹುಡುಗಿ, ಕಾಣೆಯಾದ ತಮ್ಮನನ್ನು ಹುಡುಕಿಕೊಂಡು ಕೆರೆಯ ತಳದಲ್ಲಿರುವ ಪೇಟೆಗೆ ಇಳಿಯುತ್ತಾಳೆ. ಪೇಟೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ. ಒಳಗೆ ಹೋಗುವವರು ತಮ್ಮ ನೆರಳನ್ನು ಬಿಚ್ಚಿ ಅವನ ಹತ್ತಿರ ಒತ್ತೆ ಇಟ್ಟು ಹೋಗಬೇಕು. ಇಪ್ಪತ್ತೆರಡು ಅಧ್ಯಾಯ ಅಲೆದು ಚಿಗುರಿ ತಮ್ಮನ ಕೈ ಹಿಡಿದು ಬಾಗಿಲಿಗೆ ಬಂದರೆ, ತಮ್ಮನೋ ನೆರಳೋ, ಒಂದನ್ನು ಮಾತ್ರ ಕೊಡುತ್ತೇನೆ ಎಂದು ಕಾವಲುಗಾರ ದಾರಿಗೆ ಅಡ್ಡ ನಿಲ್ಲುತ್ತಾನೆ. ಅಲ್ಲಿಗೆ ಪ್ರತಿಭಾ ಪುಸ್ತಕ ಮುಚ್ಚುತ್ತಿದ್ದಳು.

ಎಂಟು ವರ್ಷ ಎಂಟನೆಯ ತರಗತಿಗೆ ಶನಿವಾರಕ್ಕೊಂದು ಅಧ್ಯಾಯದಂತೆ ಹೀಗೇ ಓದಿದಳು, ಎಂಟು ವರ್ಷವೂ ಅಲ್ಲಿಗೇ ಮುಚ್ಚಿದಳು. ಕೊನೆಯ ಅಧ್ಯಾಯ ಬೇಕಾದವರು ತಾವೇ ಬಂದು ಕೇಳಬೇಕು. ಕೇಳಿದವರು ಪುಸ್ತಕವನ್ನು ಶನಿವಾರ ಮನೆಗೆ ಒಯ್ದು ಸೋಮವಾರ ತರಬೇಕು, ಹಿಂದಿನ ಖಾಲಿ ಹಾಳೆಯಲ್ಲಿ ಹೆಸರು ಬರೆಯಬೇಕು, ಕೊನೆ ಏನೆಂದು ಯಾರಿಗೂ ಹೇಳಬಾರದು. ಮಕ್ಕಳು ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವುದುಂಟೇ? ಆದರೆ ಇಟ್ಟುಕೊಂಡರು. ಎಂಟು ವರ್ಷದಲ್ಲಿ ನಲವತ್ಮೂರು ಹೆಸರು ಆ ಹಾಳೆಗೆ ಬಿತ್ತು, ಕೆಲವು ತಮಿಳಿನಲ್ಲಿ, ಕೆಲವು ಉರ್ದುವಿನಲ್ಲಿ. ಗುಟ್ಟು ಮಾತ್ರ ಒಮ್ಮೆಯೂ ಹೊರಗೆ ಬೀಳಲಿಲ್ಲ. ಅಂದಮೇಲೆ ಇಲ್ಲಿಯೂ ಅದನ್ನು ಹೇಳುವಂತಿಲ್ಲ.

ಮಿಸ್ಬಾ ಕೇಳಿದ್ದು ಎಂಟನೆಯ ವರ್ಷದ ಮಾರ್ಚಿನಲ್ಲಿ. ಶಿವಾಜಿನಗರದ ಹುಡುಗಿ, ಕೊನೆಯ ಬೆಂಚು, ಕನ್ನಡದಲ್ಲಿ ಒತ್ತಕ್ಷರ ಬಂದರೆ ಕಾಲು ಎಡವಿದವಳಂತೆ ನಿಲ್ಲುತ್ತಿದ್ದಳು. ಅವಳ ದೊಡ್ಡಪ್ಪನ ಮಗ ಮುಬೀನ್ ಇದೇ ಶಾಲೆಯಲ್ಲಿ ಓದಿದವನು, ಅವನ ಹೆಸರು ಆ ಹಾಳೆಯಲ್ಲಿತ್ತು. ಮೂರು ವರ್ಷ ಕಾಡಿದರೂ ಅವನು ಕೊನೆ ಹೇಳಿರಲಿಲ್ಲವಂತೆ. ಇನ್ನು ತಾನೇ ಓದುತ್ತೇನೆ ಎಂದು ಬಂದಿದ್ದಳು. ಪರೀಕ್ಷೆಗೆ ಎಂಟು ದಿನವಿತ್ತು. ಟೀಚರ್ ಬುದ್ಧಿ ಎಲ್ಲಿಗೆ ಹೋಗುತ್ತದೆ! ಈಗ ಓದಿಕೋ, ಜೂನ್‌ನಲ್ಲಿ ಶಾಲೆ ಶುರುವಾದ ದಿನವೇ ಕೊಡುತ್ತೇನೆ ಎಂದು ಪ್ರತಿಭಾ ಮಾತು ಕೊಟ್ಟಳು. ಮರೆಯಬಾರದೆಂದು ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ೪೪ ಎಂದು ಬರೆದೂ ಇಟ್ಟಳು.

ಏಪ್ರಿಲ್‌ನಲ್ಲಿ ಆ ವಾದ ನಡೆಯಿತು. ಒಂಬತ್ತನೆಯ ತರಗತಿಗೆ ಪೂರಕ ಓದಿನ ಪುಸ್ತಕವೊಂದನ್ನು ಶಾಲೆಯೇ ಆರಿಸಬೇಕಿತ್ತು. ಸಾಧಕರ ಜೀವನಚರಿತ್ರೆ ಇಡೋಣ ಎಂದರು ಯಾರೋ. ಪ್ರತಿಭಾ ಎದ್ದು ನಿಂತು ‘ಕೆರೆಯಡಿಯ ಪೇಟೆ’ ಇಡಬೇಕೆಂದಳು. ಎಂಟು ವರ್ಷದಲ್ಲಿ ಒಂಬೈನೂರು ಮಕ್ಕಳು ಕತೆ ಕೇಳಿದ್ದಾರೆ, ಕೇಳಿ ಪಡೆದವರು ನಲವತ್ಮೂರೇ ಜನ. ಉಳಿದವರಿಗೆ ಆಸೆ ಇರಲಿಲ್ಲವೆಂದಲ್ಲ, ಬಂದು ಕೇಳುವ ಧೈರ್ಯವಿರಲಿಲ್ಲ. ಧೈರ್ಯವಿಲ್ಲದ ಮಗುವಿಗೂ ಕೊನೆಯ ಅಧ್ಯಾಯ ಸಿಗಬೇಡವೇ, ಎಂದಳು. ನ್ಯಾಯವಾದ ಮಾತೇ. ಹೆಡ್‌ಮಾಸ್ಟರ್ ಮುನಿರಾಜಪ್ಪನವರು ಮಹದೇವಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವರು, ಹೆಚ್ಚು ಮಾತಿನವರಲ್ಲ. ಅವತ್ತು ಮಾತ್ರ ಕನ್ನಡಕ ತೆಗೆದಿಟ್ಟು ಹೇಳಿದರು.

“ಟೀಚರ್, ನಾವು ತೋಪಲ್ಲಿ ಮಾವಿನಕಾಯಿ ಕದ್ದು ತಿಂತಿದ್ವಿ, ಅಮೃತ ಇದ್ದಂಗಿರೋದು. ಅದೇ ಕಾಯಿನ ಮನೇಲಿ ಹೆಚ್ಚಿ ತಟ್ಟೇಲಿ ಇಟ್ಟು, ಎಲ್ಲಾ ತಿಂದು ಮುಗಿಸ್ಬೇಕು ಅಂದ್ರೆ ಹಲ್ಲು ಚಳಿತು ಹೋಗೋದು. ನಿಮ್ಗೆ ಇಷ್ಟವಾದ ಪುಸ್ತಕ ಅಂತೀರಿ. ಯಾಕೆ ಅದನ್ನ ಮಾರ್ಕ್ಸಿಗೆ ಸಿಗಿಸ್ತೀರಿ?”

ಎಲ್ಲರೂ ನಕ್ಕರು. ಪ್ರತಿಭಾಗೆ ಅವಮಾನವಾಯಿತು, ಹಟ ಬಂತು. ಒಂದು ಗಂಟೆ ವಾದಿಸಿ ಗೆದ್ದಳು. ನೂರೈವತ್ತು ಪ್ರತಿ ಹೊಸದಾಗಿ ಅಚ್ಚಾಗಿ ಬಂದವು, ಮೇಲೆ ಬಣ್ಣದ ರಟ್ಟು, ಒಳಗೆ ಪ್ರತಿ ಅಧ್ಯಾಯದ ಕೊನೆಗೂ ಅಭ್ಯಾಸದ ಪ್ರಶ್ನೆ. ಆ ಪ್ರಶ್ನೆಗಳನ್ನು ಬರೆದುಕೊಟ್ಟವಳೂ ಅವಳೇ. ಒಂಬತ್ತನೆಯದರ ಪಠ್ಯವನ್ನು ಎಂಟನೆಯದರಲ್ಲೇ ಹೇಳಿಬಿಟ್ಟರೆ ಹೇಗೆಂದು ಶನಿವಾರದ ಓದು ನಿಂತುಹೋಯಿತು. ಜೂನ್‌ನಲ್ಲಿ ಮಿಸ್ಬಾಗೆ ಕೊಟ್ಟ ಮಾತು ಅವಳಿಗೆ ನೆನಪಾಗಲೇ ಇಲ್ಲ. ಎಲ್ಲರ ಚೀಲದಲ್ಲೂ ಪುಸ್ತಕವಿರುವಾಗ ನೆನಪಾಗುವುದಾದರೂ ಹೇಗೆ?

ಮೊದಲ ತಿಂಗಳಲ್ಲೇ ಕತೆಯ ಬಣ್ಣ ಇಳಿಯಿತು. ಯಾರೂ ಚಿಗುರಿಗೆ ಏನಾಯಿತು ಎಂದು ಕೇಳಲಿಲ್ಲ, ಇದು ಎಷ್ಟು ಮಾರ್ಕ್ಸಿಗೆ ಬರುತ್ತದೆ ಎಂದು ಕೇಳಿದರು. “ನೆರಳಿಗೆ ತೂಕವಿಲ್ಲ ಎಂದವರಾರು?” ಎಂಬ ಕಾವಲುಗಾರನ ಮಾತಿಗೆ ಹಿಂದೆಲ್ಲ ಮಕ್ಕಳು ಉಸಿರು ಬಿಗಿಹಿಡಿಯುತ್ತಿದ್ದರು, ಈಗ ಅದರ ಕೆಳಗೆ ಗೆರೆ ಎಳೆದು, ಯಾರು ಯಾರಿಗೆ ಹೇಳಿದರು ಎಂದು ಬಾಯಿಪಾಠ ಮಾಡಿದರು. ಪೂಜಿತಾ ಎಂಬ ಜಾಣೆ, ಈ ಪಾಠ ಬಿಟ್ಟರೂ ಪಾಸಾಗಬಹುದಾ ಮಿಸ್ ಎಂದು ಮುಖಕ್ಕೇ ಕೇಳಿದಳು. ಪ್ರತಿಭಾಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಕೊನೆಯ ಅಧ್ಯಾಯದ ನೋಟ್ಸ್ ಬರೆಸಿದಳು. ‘ಕಾದಂಬರಿಯ ಮುಕ್ತಾಯವನ್ನು ವಿವರಿಸಿ’, ಐದು ಅಂಕ, ಎಂಟು ಸಾಲು. ಎಂಟು ವರ್ಷ ಮಕ್ಕಳು ಹಲ್ಲು ಕಚ್ಚಿ ಕಾಪಾಡಿದ ಗುಟ್ಟನ್ನು ಟೀಚರೇ ನಿಧಾನವಾಗಿ, ಪೂರ್ಣವಿರಾಮ ಎಲ್ಲಿ ಎಂಬುದನ್ನೂ ಸೇರಿಸಿ, ಎರಡೆರಡು ಸಲ ಹೇಳಿದಳು. ‘ಈ ಮೂಲಕ ಲೇಖಕರು ಕೌಟುಂಬಿಕ ಪ್ರೀತಿಯ ಮೌಲ್ಯವನ್ನು ಮನೋಜ್ಞವಾಗಿ ಚಿತ್ರಿಸಿದ್ದಾರೆ’ ಎಂದು ಕೊನೆಯ ಸಾಲು. ನಡುವೆ ಮಿಸ್ಬಾ ಎದ್ದು ಹೊರಗೆ ಹೋಗಲೇ ಎಂದು ಕೇಳಿದ್ದಳು. ಐದು ಮಾರ್ಕ್ಸ್ ಇದೆ, ಕೂತ್ಕೋ, ಎಂದು ಪ್ರತಿಭಾ ಗದರಿದಳು. ಹುಡುಗಿ ಪೆನ್ನಿಗೆ ಮುಚ್ಚಳ ಹಾಕಿ, ಬೆಂಚಿನ ಮೇಲೆ ಬಾಗಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ತಲೆನೋವಿರಬೇಕು ಎಂದುಕೊಂಡು ಪ್ರತಿಭಾ ಮುಂದಿನ ಸಾಲಿಗೆ ಹೋದಳು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮಿಸ್ಬಾಗೆ ಮೂವತ್ಮೂರು ಬಂತು. ಮೂವತ್ತೈದಕ್ಕೆ ಪಾಸು. ಫೇಲಾದವರ ಮನೆಯವರನ್ನು ಕರೆಸಿದಾಗ ಅವಳ ತಾಯಿ ಜಹನಾರಾ ಬಂದರು. ರಸೆಲ್ ಮಾರ್ಕೆಟ್ ಹತ್ತಿರದ ಬಟ್ಟೆ ಅಂಗಡಿಯೊಂದಕ್ಕೆ ಮನೆಯಲ್ಲೇ ಹೊಲಿದುಕೊಡುವ ಹೆಂಗಸು. ತೋಳಿನ ಮೇಲೆ ಇನ್ನೂ ನೂಲಿನ ಎಳೆ ಅಂಟಿಕೊಂಡಿತ್ತು. ಅವರು ಜಗಳಕ್ಕೆ ಬಂದಿರಲಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದರು.

“ಮಿಸ್, ಈ ಕತೆ ಪೂರಾ ಇವ್ಳಿಗೆ ಬರುತ್ತೆ. ಹೋದ ವರ್ಷ ನಾನು ಮಿಷನ್ ಮೇಲೆ ಕೂತ್ರೆ ಪಕ್ಕದಲ್ಲಿ ಕೂತು ಎಲ್ಲಾ ಹೇಳೋಳು. ಕೊನೆಗೆ ಏನಾಯ್ತು ಅಂದ್ರೆ, ಅದು ಕೇಳ್ಬಾರ್ದು ಅಮ್ಮೀ, ಮಿಸ್ಸೇ ಕೊಡ್ತಾರೆ ಅನ್ನೋಳು. ಹೊಸ ಪುಸ್ತಕ ತಂದ ದಿನ ಕೊನೇ ಪಾಠಕ್ಕೆ ಹೊಲಿಗೆ ಹಾಕಿಸ್ಕೊಂಡ್ಳು ನನ್ನ ಕೈಲಿ. ಫೇಲ್ ಹೆಂಗೆ ಆಗ್ತಾಳೆ?”

ಚೀಲದಿಂದ ಪುಸ್ತಕ ತೆಗೆದು ತೋರಿಸಿದರು. ಕೊನೆಯ ಹನ್ನೊಂದು ಹಾಳೆಗಳ ಅಂಚನ್ನು ಒಟ್ಟಿಗೆ ಸೇರಿಸಿ, ಮೇಲಿನಿಂದ ಕೆಳಗಿನವರೆಗೆ ನೀಲಿ ದಾರದಲ್ಲಿ ಸಾಲಾಗಿ ಹೊಲಿದಿತ್ತು. ತಿಳಿಯದೆ ಕಣ್ಣು ಹಾಯಬಾರದೆಂದು.

ಪ್ರತಿಭಾ ಬೀರುವಿನಿಂದ ಉತ್ತರಪತ್ರಿಕೆ ತೆಗೆದಳು. ಐದು ಅಂಕದ ಪ್ರಶ್ನೆಗೆ ಮಿಸ್ಬಾ ಅಕ್ಷರ ಎಡವುತ್ತಾ ಎಡವುತ್ತಾ ಬರೆದಿದ್ದಳು: ‘ಕೊನೆಯ ಅಧ್ಯಾಯ ಕೇಳಿದವರು ಮಾತ್ರ ಓದಬೇಕು. ಓದಿದವರು ಯಾರಿಗೂ ಹೇಳಬಾರದು. ನಾನು ಕೇಳಿದ್ದೇನೆ. ನನಗೆ ಇನ್ನೂ ಸಿಕ್ಕಿಲ್ಲ.’ ಪಕ್ಕದಲ್ಲಿ ಕೆಂಪು ಶಾಯಿಯ ಸೊನ್ನೆ, ಅದರ ಸುತ್ತ ಒಂದು ವೃತ್ತ. ನೂರಿಪ್ಪತ್ತೆಂಟು ಪತ್ರಿಕೆ ತಿದ್ದುವ ಭರದಲ್ಲಿ ಅವಳ ಕಣ್ಣು ಉತ್ತರಸೂಚಿಯಲ್ಲಿದ್ದ ಪದಗಳನ್ನು ಹುಡುಕಿತ್ತು. ಅವು ಸಿಕ್ಕಿರಲಿಲ್ಲ. ಆ ಸೊನ್ನೆಯನ್ನು ತಾಯಿಯ ಕಣ್ಣಿಗೆ ಬೀಳದಂತೆ ಅಂಗೈಯಿಂದ ಮುಚ್ಚಿದಳು. ಅವಳಿಗೆ ಅಷ್ಟು ನಾಚಿಕೆಯಾಗಿದ್ದು ಜೀವಮಾನದಲ್ಲೇ ಇಲ್ಲ.

ಮುನಿರಾಜಪ್ಪನವರ ಕೋಣೆಗೆ ಓಡಿದಳು. ಅವರು ಉತ್ತರವನ್ನು ಎರಡು ಸಲ ಓದಿದರು. ಹೇಳಿದ್ದೆನಲ್ಲ ಎನ್ನಲಿಲ್ಲ, ಅಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅಂಕಪಟ್ಟಿಗೆ ಸಹಿ ಬಿದ್ದಾಗಿದೆ, ಒಬ್ಬಳಿಗೆ ತಿದ್ದಿದರೆ ಉಳಿದ ತಂದೆತಾಯಂದಿರು ಬಾಗಿಲಿಗೆ ಬರುತ್ತಾರೆ, ಎರಡು ವಾರಕ್ಕೆ ಮರುಪರೀಕ್ಷೆ ಇದೆ, ಅದರಲ್ಲಿ ಬರೆಯಲಿ ಎಂದರು. ಪುಸ್ತಕವನ್ನು ಪಠ್ಯದಿಂದ ತೆಗೆಯಬಹುದೇ ಎಂದು ಕೇಳಿದಳು. ಮೂರು ವರ್ಷಕ್ಕೆಂದು ಸಮಿತಿ ಒಪ್ಪಿಯಾಗಿತ್ತು.

ಅವತ್ತು ಸಂಜೆಯೇ ಹಳೆಯ ಪುಸ್ತಕವನ್ನು ಆ ಹುಡುಗಿಯ ಕೈಗೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಮೆಟ್ರೋದಲ್ಲಿ ಕೆ.ಆರ್. ಪುರ ಬರುವವರೆಗೂ ಪ್ರತಿಭಾ ಅದನ್ನೇ ಯೋಚಿಸಿದಳು. ಮನೆಗೆ ಹೋಗಿ ಪುಸ್ತಕ ಹುಡುಕಿ ಕೈಚೀಲಕ್ಕೂ ಹಾಕಿದಳು. ಆದರೆ ಟೀಚರ್ ಬುದ್ಧಿ ನಾಯಿಬಾಲದ ಹಾಗೆ, ನೆಟ್ಟಗಾಗುವುದಿಲ್ಲ. ಮೊದಲು ಪಾಸಾಗಲಿ, ಆಮೇಲೆ ನೆಮ್ಮದಿಯಾಗಿ ಓದಲಿ, ಎಂದುಕೊಂಡಳು. ಆ ಹುಡುಗಿಗೆ ಅವಳು ಎರಡನೆಯ ಸಲ ‘ಆಮೇಲೆ’ ಎಂದದ್ದು ಅದು. ಎರಡು ವಾರ ಪುಸ್ತಕ ಚೀಲದಲ್ಲೇ ಹೋಗಿ ಬಂದು ಮಾಡಿತು.

ಮರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಬೇರೆ ಟೀಚರ್ ತಯಾರಿಸಿದ್ದರು. ಐದು ಅಂಕಕ್ಕೆ ಅದೇ ಪ್ರಶ್ನೆ ಬಂದಿತ್ತು. ಮಿಸ್ಬಾ ಎಂಟು ಸಾಲು ಬರೆದಿದ್ದಳು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ‘ಕೌಟುಂಬಿಕ ಪ್ರೀತಿಯ ಮೌಲ್ಯವನ್ನು ಮನೋಜ್ಞವಾಗಿ’ ಎಂಬಲ್ಲಿಗೆ ಬಂದಾಗ ಪ್ರತಿಭಾಳ ಕೆಂಪು ಪೆನ್ನು ನಿಂತಿತು. ಐದಕ್ಕೆ ಐದು ಕೊಡಲೇಬೇಕಿತ್ತು, ಕೊಟ್ಟಳು.

ಸೋಮವಾರ ಮೊದಲ ಬೆಲ್ಲಿಗೆ ಮುಂಚೆ ಮಿಸ್ಬಾಳನ್ನು ಕಾರಿಡಾರಿಗೆ ಕರೆದು ಕ್ಯಾಲೆಂಡರ್ ಹೊದಿಕೆಯ ಪುಸ್ತಕವನ್ನು ಕೈಗಿಟ್ಟಳು. ಜೂನ್‌ನಲ್ಲೇ ಕೊಡಬೇಕಿತ್ತು, ತಪ್ಪು ನನ್ನದು ಎಂದಳು. ಮಿಸ್ಬಾ ಎರಡೂ ಕೈಯಲ್ಲಿ ತೆಗೆದುಕೊಂಡಳು. ಹಿಂದಿನ ಹಾಳೆ ತೆರೆದು, ಹೆಸರುಗಳ ಮೇಲೆ ಬೆರಳಾಡಿಸಿ, ಮುಬೀನನ ಹೆಸರು ಸಿಕ್ಕಾಗ ಸ್ವಲ್ಪ ನಕ್ಕಳು. ಆಮೇಲೆ ಪುಸ್ತಕ ಮುಚ್ಚಿ ವಾಪಸ್ಸು ಚಾಚಿದಳು.

“ಬೇಡ ಮಿಸ್. ನಂಗೆ ಕೊನೆ ಗೊತ್ತಾಯ್ತು. ಬಸ್ ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗಡೀಲಿ ನಿಮ್ಮ ನೋಟ್ಸ್ ಸಿಗುತ್ತೆ. ಬೈಹಾರ್ಟ್ ಮಾಡ್ದೆ.”

ಅದು ನೋಟ್ಸು, ಇದು ಕತೆ, ಎರಡೂ ಒಂದೇ ಅಲ್ಲ, ಒಂದು ಸಲ ಓದಿ ನೋಡವ್ವಾ ಎಂದು ಪ್ರತಿಭಾ ಬೇಡಿಕೊಂಡಳು. ತಾನು ಬೇಡಿಕೊಳ್ಳುತ್ತಿದ್ದೇನೆಂದು ಅವಳಿಗೂ ಗೊತ್ತಿತ್ತು. ಹುಡುಗಿ ಪರವಾಗಿಲ್ಲ ಮಿಸ್ ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ತನ್ನ ಪುಸ್ತಕದ ಹೊಲಿಗೆ ಇನ್ನೂ ಹಾಗೇ ಇದೆ, ವರ್ಷದ ಕೊನೆಗೆ ಅಮ್ಮಿ ಬಿಚ್ಚಿಕೊಡುತ್ತಾರೆ, ಜೂನಿಯರ್‌ಗಳಿಗೆ ಕೊಡಬೇಕಲ್ಲ, ಎಂದೂ ಹೇಳಿದಳು.

ಪ್ರತಿಭಾ ಪೆನ್ನು ತೆಗೆದು, ಹಿಂದಿನ ಹಾಳೆ ಬಿಡಿಸಿ, ತಾನು ಮಾರ್ಚಿನಲ್ಲಿ ಬರೆದಿಟ್ಟ ಅಂಕೆಯನ್ನು ತೋರಿಸಿದಳು. ಇದು ನಿನ್ನದೇ ಜಾಗ, ಹೆಸರಾದರೂ ಬರಿ ಎಂದಳು.

ಮಿಸ್ಬಾ ಆ ಅಂಕೆಯನ್ನು ನೋಡಿದಳು, ಪೆನ್ನನ್ನು ಮುಟ್ಟಲಿಲ್ಲ.

“ಓದಿದವರು ಬರೀಬೇಕು ಅಲ್ವಾ ಮಿಸ್,” ಎಂದಳು. “ನಾನು ಓದಿಲ್ವಲ್ಲ.”

ಬೆಲ್ ಹೊಡೆಯಿತು. ಹುಡುಗಿ ಗಣಿತದ ಕ್ಲಾಸಿಗೆ ಹೋದಳು. ಪ್ರತಿಭಾ ಪೆನ್ನಿಗೆ ಮುಚ್ಚಳ ಹಾಕಿ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡಳು. ಪೆನ್ಸಿಲಿನ ಆ ೪೪ನ್ನು ಅಳಿಸಲು ಅವಳಿಗೆ ಇವತ್ತಿಗೂ ಮನಸ್ಸು ಬಂದಿಲ್ಲ.